ಕಾಲ ನಡುವೆ ಬೀಳುವ ಕೊಡಲಿ

ಸ್ಪೇನ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ಪಿರನೀಸ್ ಬೆಟ್ಟಸಾಲು ಪಶ್ಚಿಮಕ್ಕೆ ಮುಗಿಯುವಲ್ಲಿ ಬಾಸ್ಕ್ ಜನರ ನಾಡಿದೆ. ಅಲ್ಲಿ ಊರಹಬ್ಬ ಬಂತೆಂದರೆ ಚೌಕದಲ್ಲಿ ಬೀಚ್ (beech) ಎಂಬ ಗಟ್ಟಿ ಮರದ ದಿಮ್ಮಿಗಳನ್ನು ಸಾಲಾಗಿ ಮಲಗಿಸುತ್ತಾರೆ. ಕಡಿಯುವವರು ಪಕ್ಕದಲ್ಲಿ ನಿಲ್ಲುವುದಿಲ್ಲ, ದಿಮ್ಮಿಯ ಮೇಲೇ ಹತ್ತಿ ನಿಲ್ಲುತ್ತಾರೆ. ಕೊಡಲಿ ಬೀಳುವುದು ಎರಡು ಪಾದಗಳ ನಡುವೆ! ಒಂದು ಬದಿಯಿಂದ ಅರ್ಧ ಕಡಿದು, ತಿರುಗಿ ನಿಂತು, ಇನ್ನೊಂದು ಬದಿಯಿಂದ ಉಳಿದರ್ಧ. ದಿಮ್ಮಿ ಎರಡಾದರೆ ಮುಂದಿನದಕ್ಕೆ ಜಿಗಿತ. ಈ ಆಟಗಾರರನ್ನು ಐಸ್ಕೊಲಾರಿ ಎಂದು ಕರೆಯುತ್ತಾರೆ.

ಇದು ಹೊಟ್ಟೆಪಾಡಿನಿಂದ ಹುಟ್ಟಿದ ಆಟ. ಬಾಸ್ಕ್ ನಾಡಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು, ಅವಕ್ಕೆ ರಾಶಿ ರಾಶಿ ಇದ್ದಿಲು ಬೇಕಿತ್ತು. ಹಡಗು ಕಟ್ಟುವವರಿಗೆ ಮರ ಬೇಕಿತ್ತು. ಕಾಡಿನಲ್ಲಿ ದುಡಿಯುವವರ ನಡುವೆ 'ಯಾರು ಬೇಗ ಕಡೀತಾರೆ ನೋಡೋಣ' ಎಂಬ ಮಾತು ಎದ್ದೇ ಏಳುತ್ತದೆ, ಅಲ್ವಾ? ಆ ಮಾತು ಬಾಜಿಯಾಯಿತು, ಬಾಜಿ ಪಂದ್ಯವಾಯಿತು.

ನೋಡುವವರಿಗೆ ಇದು ಬರೀ ತೋಳ್ಬಲದ ಕೆಲಸ ಅನಿಸಬಹುದು. ಆದರೆ ಮರದ ಒಳಗನ್ನು ತಿಳಿಯದೆ ಇಲ್ಲಿ ಗೆಲ್ಲಲು ಆಗುವುದಿಲ್ಲ.

ಮರವೆಂದರೆ ಒತ್ತಾಗಿ ಕಟ್ಟಿದ ಸ್ಟ್ರಾಗಳ ಕಂತೆಯ ಹಾಗೆ. ನಾರುಗಳೆಲ್ಲ ಕಾಂಡದ ಉದ್ದಕ್ಕೆ ಸಾಗುತ್ತವೆ. ನಾರಿನ ಗುಂಟ ಹೊಡೆದರೆ ಮರ ಸುಲಭವಾಗಿ ಸೀಳುತ್ತದೆ, ಸೌದೆ ಒಡೆದವರಿಗೆ ಇದು ಗೊತ್ತು. ಅಡ್ಡಕ್ಕೆ ನೇರವಾಗಿ ಹೊಡೆದರೆ ಒಂದೊಂದು ನಾರನ್ನೂ ಕತ್ತರಿಸಬೇಕು, ಕೊಡಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಅದಕ್ಕೇ ಐಸ್ಕೊಲಾರಿಗಳು ಓರೆಯಾಗಿ ಹೊಡೆಯುತ್ತಾರೆ. ಒಂದು ಏಟು ಎಡಕ್ಕೆ ವಾಲಿ ಬೀಳುತ್ತದೆ, ಇನ್ನೊಂದು ಬಲಕ್ಕೆ. ಅಲಗು ನಾರನ್ನು ಕತ್ತರಿಸುತ್ತಾ ಇಳಿಯುವಾಗ, ಬೆಣೆಯಂತಿರುವ ಅದರ ಮೈ ಪಕ್ಕದ ಮರವನ್ನು ದೂಡುತ್ತದೆ. ಆ ಚೂರು ನಾರಿನ ಗುಂಟ ಸೀಳಿ ಚಕ್ಕೆಯಾಗಿ ಹಾರುತ್ತದೆ. ಅಂದರೆ ಅರ್ಧ ಕೆಲಸವನ್ನು ಮರದ ಸೀಳುವ ಗುಣದಿಂದಲೇ ಮಾಡಿಸಿಕೊಳ್ಳುತ್ತಾರೆ. ಗಂಟು ಅಡ್ಡ ಬಂದರೆ ಮಾತ್ರ ಕಷ್ಟ. ಅಲ್ಲಿ ನಾರು ಸುತ್ತಿಕೊಂಡಿರುತ್ತದೆ, ಯಾವ ಕಡೆಯಿಂದ ಹೊಡೆದರೂ ಅದು ಅಡ್ಡವೇ.

ಪಂದ್ಯ ನೋಡುವಾಗ ದಿಮ್ಮಿಯ ಎದುರು ನಿಂತ ಇನ್ನೊಬ್ಬರ ಕಡೆಗೂ ಗಮನ ಕೊಡಿ. ಅವರ ಕೈಯಲ್ಲಿ ಒಂದು ಕೋಲು. ಪ್ರತಿ ಏಟಿಗೆ ಮೊದಲು 'ಇಲ್ಲಿ' ಎಂದು ಜಾಗ ತೋರಿಸಿ ತಟ್ಟನೆ ಕೋಲು ಹಿಂದೆಗೆಯುತ್ತಾರೆ, ಕೊಡಲಿ ಅಲ್ಲಿಗೇ ಬೀಳುತ್ತದೆ. ಅವರನ್ನು ಬೋಟಿಯೆರೊ ಎನ್ನುತ್ತಾರೆ. ನೀರು ಕುಡಿಸುವುದು, ಹುರಿದುಂಬಿಸುವುದು, 'ನಿಧಾನ' ಎಂದು ತಡೆಯುವುದು ಎಲ್ಲವೂ ಅವರ ಕೆಲಸ. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಜೋಡಿಯೇ. ಒಬ್ಬರು ಮರವನ್ನು ಓದುತ್ತಾರೆ, ಇನ್ನೊಬ್ಬರು ಕಡಿಯುತ್ತಾರೆ.

ಇನ್ನು ದಿಮ್ಮಿಯ ಲೆಕ್ಕ. ಅಲ್ಲಿ ದಪ್ಪವನ್ನು ಸುತ್ತಳತೆಯಲ್ಲಿ, ಇಂಚಿನಲ್ಲಿ ಹೇಳುತ್ತಾರೆ. 54 ಇಂಚಿನದು, 60 ಇಂಚಿನದು, 72 ಇಂಚಿನದು, ಹೀಗೆ. 54ಕ್ಕೂ 60ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ. ಆಳ ಹೆಚ್ಚಿದಂತೆ ಕಚ್ಚಿನ ಬಾಯಿಯನ್ನೂ ಅಗಲ ಮಾಡಬೇಕು, ಇಲ್ಲದಿದ್ದರೆ ಚಕ್ಕೆ ಹೊರಗೆ ಬರುವುದಿಲ್ಲ. ಆಳ, ಅಗಲ, ಉದ್ದ ಮೂರೂ ಹಿಗ್ಗುವುದರಿಂದ ತೆಗೆಯಬೇಕಾದ ಮರ ಘನದ ಲೆಕ್ಕದಲ್ಲಿ ಏರುತ್ತದೆ. 54ರಿಂದ 60ಕ್ಕೆ ಹೋದರೆ ಸುತ್ತಳತೆ ಶೇ 11ರಷ್ಟು ಜಾಸ್ತಿ, ಕೆಲಸ ಮಾತ್ರ ಸುಮಾರು ಶೇ 37ರಷ್ಟು ಜಾಸ್ತಿ. 72ಕ್ಕೆ ಹೋದರೆ ಕೆಲಸ ಎರಡು ಪಟ್ಟನ್ನೂ ದಾಟುತ್ತದೆ.

ಹಾಗಾದರೆ ಭಾರದ ಕೊಡಲಿ ಹಿಡಿದರೆ ಆಯಿತಲ್ಲ? ಅಷ್ಟು ಸುಲಭವಿಲ್ಲ. ಕೊಡಲಿಯ ತೂಕ ಇಮ್ಮಡಿಯಾದರೆ ಏಟಿನ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಹೊರಲಾರದ ಭಾರ ವೇಗವನ್ನು ತಿಂದುಹಾಕುತ್ತದೆ. ಆದ್ದರಿಂದ ಬೀಸಲು ಬರುವಷ್ಟೇ ತೂಕ, ಕೂದಲು ಬೋಳಿಸುವಷ್ಟು ಹರಿತ. ಇಂದು ಅನೇಕರ ಕೈಯಲ್ಲಿರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾದರಿಯ ಅಗಲ ಅಲಗಿನ ಕೊಡಲಿ. ತಮ್ಮ ಊರಿನ ಕಮ್ಮಾರರ ಕೊಡಲಿಗಿಂತ ಅದು ಚೆನ್ನಾಗಿ ಕಡಿಯುತ್ತದೆ ಎಂದು ಕಂಡಾಗ ಬಾಸ್ಕರು ಅದನ್ನು ಒಪ್ಪಿಕೊಂಡರು. ಪರಂಪರೆ ಬದುಕುವುದು ಹೀಗೆಯೇ ಎಂದು ನನ್ನ ನಂಬಿಕೆ.

ಆಟದ ಬಗೆ ಮಾತ್ರ ಅವರದ್ದೇ. ಆಸ್ಟ್ರೇಲಿಯಾದ ಪಂದ್ಯದಲ್ಲಿ ಒಂದು ದಿಮ್ಮಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ, ಅದು ಓಟದಲ್ಲಿ ನೂರು ಮೀಟರ್ ಇದ್ದಂತೆ. ಬಾಸ್ಕ್ ಪಂದ್ಯದಲ್ಲಿ ಸಾಲು ಸಾಲು ದಿಮ್ಮಿ, ದೊಡ್ಡ ಬಾಜಿಗಳಲ್ಲಿ ಅರ್ಧ ಗಂಟೆಗೂ ಮೀರಿದ ದುಡಿಮೆ. ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟೇ ಕೆಲಸವಾಗುತ್ತದೆ, ಉಳಿದದ್ದು ಬಿಸಿಯಾಗುತ್ತದೆ. ಆ ಬಿಸಿಯನ್ನು ಬೆವರೇ ಹೊರಹಾಕಬೇಕು. ಮೊದಲ ದಿಮ್ಮಿಗೇ ಎಲ್ಲ ಬಲ ಸುರಿದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಕೈ ಸೋಲುತ್ತದೆ. ಆಮೇಲಿನ ಏಟುಗಳು ಗುರಿ ತಪ್ಪುತ್ತವೆ, ಗುರಿ ತಪ್ಪಿದ ಏಟಿಗೆ ಚಕ್ಕೆ ಹಾರುವುದಿಲ್ಲ. ಬೋಟಿಯೆರೊ 'ನಿಧಾನ' ಎನ್ನುವುದು ಇದಕ್ಕೇ.