‘ಆ ಹುಡುಗನ ಹತ್ರ ಮಾತಾಡಿದ್ರೆ ಏನೂ ಅನ್ಸಲ್ಲ ಮೇಡಂ’

ಶಿರಸಿಗೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋ ಹುಡುಗಿಯರು ಪದೇ ಪದೇ ಹೇಳೋ ಮಾತಿದು. ಕುಮಟಾ ಕಡೆಯವಳೊಬ್ಬಳು (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ) ಮುಕ್ಕಾಲು ಗಂಟೆ ಕೂತಿದ್ಲು, ಮೇಜಿನ ಮೇಲೆ ಬೋರಲು ಇಟ್ಟಿದ್ದ ಫೋನನ್ನ ಎಷ್ಟು ಸಲ ಎತ್ತಿ ನೋಡಿದ್ಲೋ ಲೆಕ್ಕ ಇಲ್ಲ. ಎರಡು ದಿನ ಮೆಸೇಜ್ ಮಾಡಿ ನಾಲ್ಕು ದಿನ ಮಾಯ ಆಗೋನ ಮೇಲೆ ಪ್ರಾಣ, ಹೇಳಿದ ಟೈಮಿಗೆ ಸರಿಯಾಗಿ ಫೋನ್ ಮಾಡೋ, ಮನೆಯವರು ನೋಡಿದ ಹುಡುಗನ ಹತ್ರ ‘ಏನೂ ಅನ್ಸಲ್ಲ’.

ಎದೆ ಡವಡವ ಅಂದ್ರೆ ಅದೇ ಪ್ರೀತಿ ಅಂದ್ಕೋತೀವಿ ನಾವು. 1974ರಲ್ಲಿ ಡಟನ್ ಮತ್ತೆ ಆರನ್ ಅನ್ನೋ ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆ ಮೇಲೆ, ಕೆಳಗೆ 230 ಅಡಿ ಆಳದಲ್ಲಿ ಹೊಳೆ, ಗಂಡಸರನ್ನ ಯುವತಿಯೊಬ್ಬಳಿಂದ ಮಾತಾಡಿಸಿ ಫೋನ್ ನಂಬರ್ ಕೊಡಿಸಿದ್ರು. ನಂಬರ್ ತಗೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದ್ರು, ಅಲ್ಲಾಡದ ಗಟ್ಟಿ ಸೇತುವೆ ಮೇಲೆ ಸಿಕ್ಕವರಲ್ಲಿ 16ಕ್ಕೆ 2 ಜನ. ಹೆದರಿಕೆಗೆ ಹೊಡ್ಕೊಂಡ ಎದೆಯನ್ನ ಮನಸ್ಸು ಆಕರ್ಷಣೆ ಅಂತ ತಿಳ್ಕೊಂಡಿತ್ತು ಅಂತ ಅವರ ವಿವರಣೆ. ಮಳೆಗಾಲದಲ್ಲಿ ನಮ್ಮ ಕಡೆ ತೂಗುಸೇತುವೆ ದಾಟಿದವರಿಗೆ ಆ ಎದೆಬಡಿತ ಬಿಡಿಸಿ ಹೇಳೋದೇ ಬೇಡ.

ಈ ಹುಡುಗಿಗೆ ಸೇತುವೆ ಮನೆಯಲ್ಲೇ ಇತ್ತು. ಅಪ್ಪ ಸಿಟ್ಟು ಬಂದ್ರೆ ವಾರಗಟ್ಲೆ ಮಾತು ಬಿಡ್ತಿದ್ರಂತೆ, ಯಾವಾಗ ಕರೀತಾರೋ ಅಂತ ಇವಳು ಬಾಗಿಲ ಸಂದಿಲಿ ನಿಂತು ಕಾಯ್ತಿದ್ಲಂತೆ. ಮಗು ತನ್ನನ್ನ ಸಾಕಿದವರ ಜೊತೆ ಬೆಳೆಸ್ಕೊಳ್ಳೋ ಬಂಧದ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನ 1987ರಲ್ಲಿ ಹೇಜನ್ ಮತ್ತೆ ಶೇವರ್ ಅನ್ನೋ ಮನಶ್ಶಾಸ್ತ್ರಜ್ಞರು ದೊಡ್ಡವರ ಪ್ರೀತಿಗೂ ಹೊಂದಿಸಿ ನೋಡಿದ್ರು. ಕಾಯೋದೇ ಪ್ರೀತಿ ಅಂತ ಕಲಿತ ಮನಸ್ಸಿಗೆ ಕಾಯಿಸದೇ ಇರೋನು ಸಪ್ಪೆ ಅನಿಸ್ತಾನೆ. ಇದು ಹಣೆಬರಹ ಅಲ್ಲ, ಬದಲಾಗತ್ತೆ, ಆದ್ರೆ ಟೈಮ್ ಬೇಕು.

ಟೈಮ್ ಕೊಡೋರು ಯಾರು? ಹುಡುಗಿ ನೋಡೋಕೆ ಬಂದವರು ಅವಲಕ್ಕಿ ತಿಂದು ಚಾ ಕುಡಿದು ಏಳೋ ಅರ್ಧ ಗಂಟೇಲಿ ಜೀವಮಾನದ ತೀರ್ಮಾನ ಕೇಳ್ತೀವಲ್ಲ, ನಂಗೆ ಅದು ನಿಜವಾಗ್ಲೂ ಸಂಕಟ. ಮೋರ್‌ಲ್ಯಾಂಡ್ ಮತ್ತೆ ಬೀಚ್ ಅನ್ನೋ ಮನಶ್ಶಾಸ್ತ್ರಜ್ಞರು 1992ರಲ್ಲಿ ತೋರಿಸಿದ್ದು ನೋಡಿ, ಯಾರ ಹತ್ರನೂ ಮಾತಾಡದೆ ಕ್ಲಾಸಿಗೆ 15 ಸಲ ಸುಮ್ಮನೆ ಬಂದು ಕೂತು ಹೋದ ಹುಡುಗಿ, ಒಂದ್ಸಲನೂ ಬರದವಳಿಗಿಂತ ಕ್ಲಾಸಿನವರಿಗೆ ಹೆಚ್ಚು ಇಷ್ಟ ಆದ್ಲು, ನೋಡ್ತಾ ನೋಡ್ತಾನೇ ಒಲವು ಹುಟ್ಟತ್ತೆ.

ಆಮೇಲೆ ಇವಳು ಮನೆಯವರು ನೋಡಿದ ಆ ಹುಡುಗನ ಜೊತೆ ಕಾರವಾರದ ಬೀಚಲ್ಲಿ ಮೂರು ಸಂಜೆ ನಡೆದಿದಾಳೆ, ಅಪ್ಪನ ವಿಷಯನೂ ಹೇಳ್ಕೊಂಡಿದಾಳೆ. ಮದುವೆ ಆಗ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ, ಇನ್ನೆರಡು ಸಲ ಸಿಗ್ಬೇಕು ಅಂದ್ಲು. ಅಷ್ಟು ದಿನ ಅವಳನ್ನ ಒತ್ತಾಯ ಮಾಡ್ಬೇಡಿ ಅಂತ, ಅವಳೇ ಕೇಳ್ಕೊಂಡಿದ್ದಕ್ಕೆ, ಅವರ ಅಮ್ಮಂಗೆ ನಾನೇ ಫೋನ್ ಮಾಡಿ ಹೇಳಿದೀನಿ.