ಆಯಿಲ್ ಪೇಂಟಿಂಗ್ ಶುರು ಮಾಡೋರಿಗೆ: ಮೊದಲು ಎಣ್ಣೆ ಅರ್ಥ ಆಗಲಿ

ವಾಟರ್ ಕಲರ್‌ನಲ್ಲಿ ಕೈ ಆಡಿಸಿ ಆಯಿಲ್‌ಗೆ ಬಂದವರಿಗೆ ಈ ಟಿಪ್ಪಣಿ. ಸ್ಕೆಚ್ ಹಾಕೋದು, ನೆರಳು ಬೆಳಕು ನೋಡೋದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಸಾಮಾನು ಜಾಸ್ತಿ ಬೇಡ. ಒಂದು ಕ್ಯಾನ್ವಾಸ್ ಬೋರ್ಡ್, ಎರಡು ಮೂರು ಗಟ್ಟಿ ಕೂದಲಿನ ಚಪ್ಪಟೆ ಬ್ರಷ್, ಬಣ್ಣ ತೆಳು ಮಾಡೋಕೆ ಟರ್ಪಂಟೈನ್, ಲಿನ್ಸೀಡ್ ಆಯಿಲ್ ಅಂದರೆ ಅಗಸಿ ಎಣ್ಣೆ. ಬಣ್ಣ ಐದು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಆಕರ್, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಒಂದು ಕೆಂಪು. ಕಪ್ಪು ಟ್ಯೂಬ್ ತರಬೇಡಿ. ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಅದಕ್ಕಿಂತ ಚೆಂದದ ಕಪ್ಪು ಸಿಗುತ್ತದೆ.

ಈಗ ಎಣ್ಣೆ. ಟ್ಯೂಬ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಅಗಸಿ ಎಣ್ಣೆ. ನಾವು ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನುವ ಅದೇ ಅಗಸಿ. ನೀರು ಆರಿದ ಹಾಗೆ ಎಣ್ಣೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಇದ್ದಲ್ಲೇ ಗಟ್ಟಿಯಾಗುತ್ತದೆ. ನಂಬಿಕೆ ಬರದಿದ್ದರೆ ಒಂದು ಗಾಜಿನ ಚೂರಿನ ಮೇಲೆ ಒಂದು ಹನಿ ಲಿನ್ಸೀಡ್, ಪಕ್ಕದಲ್ಲಿ ಒಂದು ಹನಿ ಶೇಂಗಾ ಎಣ್ಣೆ ಸವರಿ ಕಿಟಕಿಯ ಪರ್ಸಿ ಕಲ್ಲಿನ ಮೇಲೆ ಇಟ್ಟುಬಿಡಿ. ಕೆಲವು ವಾರದಲ್ಲಿ ಲಿನ್ಸೀಡ್ ಮೊದಲು ಅಂಟಂಟಾಗಿ, ಆಮೇಲೆ ಹಳದಿ ಪೊರೆಯಾಗಿ ಕೂರುತ್ತದೆ, ಉಗುರಿನಿಂದ ಕೆರೆಯಬೇಕು. ಶೇಂಗಾ ಎಣ್ಣೆ ಬೆರಳಿಗೆ ಜಿಡ್ಡು ಜಿಡ್ಡಾಗೇ ಹತ್ತುತ್ತದೆ. ಅಡುಗೆ ಮನೆಯ ಎಣ್ಣೆ ಯಾಕೆ ನಡೆಯಲ್ಲ ಅನ್ನೋದಕ್ಕೆ ಇಷ್ಟೇ ಸಾಕ್ಷಿ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್ಸೀಡ್ ಬಾಗಿಲಿಗೆ ಸರಿ, ಚಿತ್ರಕ್ಕೆ ಬೇಡ, ಬಣ್ಣ ಕಂದಾಗುತ್ತದೆ.

ಇಲ್ಲಿಂದ ನನ್ನ ತಲೆ ತಿಂದ ವಿಷಯ: 'ಫ್ಯಾಟ್ ಓವರ್ ಲೀನ್'. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಜಾಸ್ತಿ. ಓದೋಕೆ ಸುಲಭ, ಆದರೆ ಯಾಕೆ ಅಂತ ತಿಳಿಯದೆ ಎಷ್ಟು ಸಲ ಓದಿದರೂ ಉಲ್ಟಾ ನೆನಪಾಗುತ್ತಿತ್ತು. ಹೀಗೆ ನೋಡಿ. ಎಣ್ಣೆ ಜಾಸ್ತಿ ಇದ್ದರೆ ನಿಧಾನ ಒಣಗುತ್ತದೆ, ಒಣಗುವಾಗ ಸ್ವಲ್ಪ ಹಿಗ್ಗಿ ಕುಗ್ಗಿ ಅಲುಗಾಡುತ್ತಲೂ ಇರುತ್ತದೆ. ಅಂಥ ಪದರ ಕೆಳಗಿದ್ದು, ಎಣ್ಣೆ ಕಡಿಮೆ ಇರೋದು ಮೇಲಿದ್ದರೆ, ಮೇಲಿನದು ಬೇಗ ಬಿಗಿಯುತ್ತದೆ, ಕೆಳಗಿನದು ಇನ್ನೂ ಅಲುಗುತ್ತಿರುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರುಕು ಬಿಟ್ಟ ಹಾಗೆ ಚಿತ್ರ ಬಿಡುತ್ತದೆ. ಇನ್ನೊಂದು, ಫ್ಯಾಟ್ ಅಂದರೆ ದಪ್ಪ ಬಣ್ಣ ಅಲ್ಲ, ಎಣ್ಣೆಯ ಪಾಲು ಎಷ್ಟು ಅನ್ನೋದು ಮಾತ್ರ ಲೆಕ್ಕ.

ಕೈಯಲ್ಲಿ ಮಾಡುವಾಗ ನಾನು ಹಿಡಿದಿರೋ ದಾರಿ ಹೀಗಿದೆ. ಮೊದಲ ಪದರಕ್ಕೆ ಬಣ್ಣ ಮತ್ತು ಟರ್ಪಂಟೈನ್ ಮಾತ್ರ. ಎರಡನೆಯದಕ್ಕೆ ಟ್ಯೂಬ್‌ನಿಂದ ಬಂದದ್ದು ಬಂದ ಹಾಗೆ. ಮೂರನೆಯದಕ್ಕೆ ಬಣ್ಣದ ಜೊತೆ ಒಂದೆರಡು ಹನಿ ಎಣ್ಣೆ. ಲೆಕ್ಕ ತಪ್ಪೋಕೆ ಜಾಗವೇ ಇಲ್ಲ. ಮೊದಲ ಪದರ ಅಂಬರ್‌ನಲ್ಲಿ ಹಾಕಿ, ಅದರಲ್ಲಿರುವ ಮ್ಯಾಂಗನೀಸ್‌ನಿಂದ ಅದು ಬೇಗ ಒಣಗುತ್ತದೆ. ಬಿಳಿಯನ್ನು ಕೆಳಗೆ ದಪ್ಪ ಬಳಿಯಬೇಡಿ. ಬಿಳಿ ಟ್ಯೂಬ್‌ಗೆ ಎಷ್ಟೋ ಕಡೆ ಕುಸುಬಿ ಎಣ್ಣೆ ಹಾಕಿರುತ್ತಾರೆ. ಹೌದು, ನಮ್ಮ ಕಡೆ ಹೊಲದಲ್ಲಿ ಬೆಳೆಯುವ ಅದೇ ಕುಸುಬಿ. ಹಳದಿ ತಿರುಗೋದು ಕಡಿಮೆ, ಆದರೆ ಒಣಗೋದು ಅಗಸಿಗಿಂತ ತಡ.

ಒಂದೇ ಕೂತಾಟದಲ್ಲಿ, ಹಸಿ ಬಣ್ಣದ ಮೇಲೇ ಬಣ್ಣ ಹಾಕಿ ಮುಗಿಸುವುದಾದರೆ ಈ ನಿಯಮದ ತಲೆನೋವು ಇಲ್ಲ. ಎಲ್ಲ ಸೇರಿ ಒಂದೇ ಪದರ ಅಲ್ವಾ. ಶುರುವಿಗೆ ಒಂದು ಬದನೆಕಾಯಿ, ಒಂದು ತಾಮ್ರದ ತಂಬಿಗೆ ಹೀಗೇ ಮಾಡೋದು ಒಳ್ಳೆಯದು. ಕಲಬುರಗಿಯಲ್ಲಿ ಚಿತ್ರ ಕಲಿಯೋರಿಗೆ ನಮ್ಮ ಊರವರೇ ಆದ ಎಸ್.ಎಂ. ಪಂಡಿತ್ (1916–1993) ಬರೆದ ಪುರಾಣದ ಚಿತ್ರಗಳ ಆಸೆ ಬಂದೇ ಬರುತ್ತದೆ. ಆ ಮೈಬಣ್ಣಕ್ಕೆ ಈಗಲೇ ಕೈ ಹಾಕಬೇಡಿ.

ಬಟ್ಟೆ ವಿಷಯ ಯಾರೂ ಸರಿಯಾಗಿ ಹೇಳಲ್ಲ. ಲಿನ್ಸೀಡ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬ್ರಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂತು ತಾನಾಗೇ ಬೆಂಕಿ ಹತ್ತಬಹುದು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಸುಮ್ನೆ ಅಪಾಯ ಯಾಕೆ. ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ, ಇಲ್ಲ ಅಂದರೆ ಹೊರಗೆ ಬಿಡಿಸಿ ಒಣ ಹಾಕಿ. ಬಿಸಿಲಿಗೆ ಕಿಟಕಿ ಮುಚ್ಚಿ ಕೂರೋ ಅಭ್ಯಾಸ ಇದ್ದವರು ಟರ್ಪಂಟೈನ್ ತೆಗೆದಾಗಲಾದರೂ ಕಿಟಕಿ ತೆರೆಯಿರಿ.

ವಾರ್ನಿಶ್‌ಗೆ ಅವಸರ ಬೇಡ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಕೆಲಸ ನಡೆದೇ ಇರುತ್ತದೆ, 6 ತಿಂಗಳಿಂದ ಒಂದು ವರ್ಷ ಬಿಡಿ.