ಜೀರುಂಡೆಗೆ ಗೊತ್ತಿರುವ ಲೆಕ್ಕ

ಥರ್ಮಾಮೀಟರ್ ಇಲ್ವಾ? ಕತ್ತಲಾಗಲಿ, ಒಂದು ಜೀರುಂಡೆಯ ಸದ್ದಿಗೆ ಕಿವಿ ಕೊಡಿ. 8 ಸೆಕೆಂಡಿನಲ್ಲಿ ಎಷ್ಟು ಸಲ ಕಿರ್ರ್ ಅಂದಿತು ಎಣಿಸಿ, ಅದಕ್ಕೆ 5 ಕೂಡಿಸಿ. ಬಂದದ್ದೇ ಹೆಚ್ಚುಕಡಿಮೆ ಆ ಹೊತ್ತಿನ ತಾಪಮಾನ, ಸೆಲ್ಸಿಯಸ್‌ನಲ್ಲಿ. ತಮಾಷೆ ಅಲ್ಲ, ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ 1897ರಲ್ಲೇ ಇಂಥದ್ದೊಂದು ಸೂತ್ರ ಪ್ರಕಟಿಸಿದ್ದರು. ಜೀರುಂಡೆಗೆ ನಮ್ಮ ಹಾಗೆ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಸುತ್ತಲಿನ ಗಾಳಿ ಬಿಸಿಯಾದಂತೆ ಅದರ ಸ್ನಾಯುಗಳು ಚುರುಕಾಗುತ್ತವೆ, ರೆಕ್ಕೆ ಉಜ್ಜುವ ವೇಗವೂ ಏರುತ್ತದೆ. ಒಂದೇ ತಕರಾರು, ಈ ಲೆಕ್ಕ ಸರಿಯಾಗಿ ಹೊಂದುವುದು ಉತ್ತರ ಅಮೆರಿಕದ ಒಂದು ಜಾತಿಯ ಜೀರುಂಡೆಗೆ. ಉಳಿದವುಗಳ ತಾಳ ಬೇರೆ.

ಹವಾಮಾನದ ಬಗ್ಗೆ ಹಳಬರು ಹೇಳಿದ್ದೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕುವವರೂ ಇದ್ದಾರೆ, ಎಲ್ಲವೂ ವಿಜ್ಞಾನವೇ ಅಂತ ಎದೆ ತಟ್ಟುವವರೂ ಇದ್ದಾರೆ. ನಾನು ಕೇಳುವುದು ಒಂದೇ: ಆ ಮಾತು ಎಷ್ಟು ದೂರದ ಭವಿಷ್ಯ ಹೇಳುತ್ತಿದೆ?

ಚಂದ್ರನ ಸುತ್ತ ಬಳೆ ಕಂಡರೆ ಮಳೆ ಅನ್ನುತ್ತಾರೆ. ಇದರಲ್ಲಿ ಹುರುಳಿದೆ. 6 ಕಿಲೋಮೀಟರ್‌ಗೂ ಮೇಲೆ ತೇಲುವ ತೆಳು ಮೋಡದಲ್ಲಿ ಆರು ಮೂಲೆಯ ಐಸ್ ಹರಳುಗಳಿರುತ್ತವೆ, ಅವು ಬೆಳಕನ್ನು 22 ಡಿಗ್ರಿಯಷ್ಟು ಬಾಗಿಸುತ್ತವೆ. ಕೈ ಉದ್ದಕ್ಕೆ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಇರುವಷ್ಟೇ ದೂರ ಚಂದ್ರನಿಂದ ಬಳೆಗೂ ಇರುತ್ತದೆ, ಬೇಕಾದರೆ ಅಳೆದು ನೋಡಿ. ಈ ಮೋಡಗಳು ಎಷ್ಟೋ ಸಲ ಒಂದೆರಡು ದಿನದಲ್ಲಿ ಬರುವ ಮಳೆಯ ಮುಂಗಾವಲು. ಎಷ್ಟೋ ಸಲ ಸುಮ್ನೆ ಬಂದು ಹೋಗುವುದೂ ಉಂಟು.

ಸಂಜೆ ಕೆಂಪಾದರೆ ನಾಳೆ ಒಳ್ಳೆಯ ಹವೆ ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಸಂಜೆ ಕೆಂಪಾಯಿತು ಅಂದರೆ ಪಡುವಣದ ಆಕಾಶ ತಿಳಿಯಾಗಿದೆ ಅಂತ, ಹಾಗಾಗಿ ಗಾಳಿಮಳೆ ಪಡುವಣದಿಂದ ಮೂಡಣಕ್ಕೆ ಸಾಗುವ ಯುರೋಪಿನಂಥ ಜಾಗದಲ್ಲಿ ಸರಿ. ಸಮಭಾಜಕದ ಆಸುಪಾಸಿನಲ್ಲಿ ಗಾಳಿ ಜಾಸ್ತಿ ಮೂಡಣದಿಂದಲೇ ಬೀಸುವುದರಿಂದ ಅಲ್ಲಿ ಇದನ್ನು ನಂಬಿ ಬಟ್ಟೆ ಒಣಹಾಕಬೇಡಿ.

ಮಳೆಗೆ ಮುಂಚೆಯೇ ಮಣ್ಣಿನ ವಾಸನೆ ಬರುತ್ತದಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಅದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಒಣಗಿದ ಕಲ್ಲು ಮಣ್ಣು ಹೀರಿಕೊಂಡ ಗಿಡಗಳ ಎಣ್ಣೆ ಅದರಲ್ಲಿದೆ, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಇದೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನಷ್ಟಿದ್ದರೂ ನಮ್ಮ ಮೂಗು ಜಿಯೋಸ್ಮಿನ್ ಹಿಡಿದುಬಿಡುತ್ತದೆ! ಹನಿ ಬಿದ್ದಾಗ ಅದರಡಿ ಸಿಕ್ಕ ಗಾಳಿ ಗುಳ್ಳೆಗಳಾಗಿ ಮೇಲೇರಿ ಒಡೆದು, ಸೋಡಾ ಚಿಮ್ಮಿದ ಹಾಗೆ ಈ ವಾಸನೆ ಹೊತ್ತ ಸಣ್ಣ ತುಂತುರನ್ನು ಹಾರಿಸುತ್ತದೆ. ಇದನ್ನು 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಹೈಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದರು. ಅಂದರೆ ನಿಮಗೆ ವಾಸನೆ ಬಂತು ಅಂದರೆ ಗಾಳಿ ಬರುವ ಕಡೆ ಎಲ್ಲೋ ಆಗಲೇ ಮಳೆ ಶುರುವಾಗಿದೆ.

ಇನ್ನು ಜುಲೈ 15ಕ್ಕೆ ಮಳೆ ಬಂದರೆ 40 ದಿನ ಬಿಡದೆ ಸುರಿಯುತ್ತದೆ ಅನ್ನುವ ಇಂಗ್ಲೆಂಡಿನ ಮಾತು ಬರೀ ಮಾತು.

ಸಿಡಿಲು ಒಂದೇ ಜಾಗಕ್ಕೆ ಎರಡು ಸಲ ಬಡಿಯಲ್ಲ ಅನ್ನುವುದಂತೂ ಅಪಾಯಕಾರಿ ಸುಳ್ಳು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷಕ್ಕೆ 20ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಜಾಗ ಬಿಡಿ, ಅಮೆರಿಕದ ಅರಣ್ಯ ರಕ್ಷಕ ರಾಯ್ ಸಲಿವನ್‌ಗೆ 1942ರಿಂದ 1977ರೊಳಗೆ 7 ಸಲ ಬಡಿದು, ಏಳೂ ಸಲ ಬದುಕಿದ. ನಾಲ್ಕನೆಯ ಸಲ ತಲೆಗೂದಲಿಗೇ ಬೆಂಕಿ ಹತ್ತಿತ್ತು. ಆಮೇಲೆ ಆತ ಗಾಡಿಯಲ್ಲಿ ಒಂದು ಕ್ಯಾನ್ ನೀರು ಇಟ್ಟುಕೊಂಡೇ ಓಡಾಡುತ್ತಿದ್ದ. ಐದನೆಯ ಸಲಕ್ಕೆ ಅದು ಉಪಯೋಗಕ್ಕೆ ಬಂತು.